ಪಾರ್ಟ್‌ಟೈಮ್ ಪಿಜಿಗೆ ಸೇರುವ ಮುಂಚೆ ಗಂಟೆ ಎಣಿಸಿ

ಓಪಿಡಿ ಮುಗಿಸಿ ರಾತ್ರಿ ಓದಿಕೊಂಡರಾಯ್ತು ಎಂದುಕೊಂಡು ಪಾರ್ಟ್‌ಟೈಮ್ ಪಿಜಿಗೆ (ಸ್ನಾತಕೋತ್ತರ ಕೋರ್ಸಿಗೆ) ಸೇರುವ ಡಾಕ್ಟರು, ನರ್ಸು, ಫಾರ್ಮಸಿಸ್ಟ್‌ಗಳು ಮೊದಲು ವಿಚಾರಿಸುವುದು ಫೀಸು. ವಿಚಾರಿಸಬೇಕಾದದ್ದು ವಾರಕ್ಕೆ ಎಷ್ಟು ಗಂಟೆ ಅಂತ.

ಬ್ರಿಟನ್ನಿನ ಲೆಕ್ಕವನ್ನೇ ನೋಡಿ. ಅಲ್ಲಿ ಪಿಜಿ ಸರ್ಟಿಫಿಕೇಟ್‌ಗೆ 60 ಕ್ರೆಡಿಟ್, ಡಿಪ್ಲೊಮಾಗೆ 120, ಮಾಸ್ಟರ್ಸ್‌ಗೆ 180. ಒಂದು ಕ್ರೆಡಿಟ್ ಅಂದರೆ ಸುಮಾರು 10 ಗಂಟೆಯ ಕೆಲಸ. ಪಾಠ, ಓದು, ಅಸೈನ್‌ಮೆಂಟ್ ಎಲ್ಲ ಅದರಲ್ಲೇ ಬಂತು. 20 ಕ್ರೆಡಿಟ್ಟಿನ ಮಾಡ್ಯೂಲನ್ನು, ಅಂದರೆ ಕೋರ್ಸಿನ ಒಂದು ಭಾಗವನ್ನು, 12 ವಾರದಲ್ಲಿ ಮುಗಿಸಬೇಕಾದರೆ ವಾರಕ್ಕೆ 17 ಗಂಟೆ ಹತ್ತಿರ. ಭಾನುವಾರವೂ ಬಿಡದೆ ದಿನಕ್ಕೆ ಎರಡೂವರೆ ಗಂಟೆ ಕೂರಬೇಕು. 'ಬೇಗ ಮುಗಿದುಹೋಗಲಿ' ಅಂತ ಒಟ್ಟಿಗೆ ಎರಡು ಮಾಡ್ಯೂಲ್ ತಗೊಂಡರೆ ಮೈಮೇಲೆ ಇನ್ನೊಂದು ನೌಕರಿ ಎಳೆದುಕೊಂಡ ಹಾಗೆ.

ಹಾಗಾಗಿ ವಾರಕ್ಕೆ ಅರ್ಧ ದಿನವಾದರೂ ಓದಿಗೆ ಬಿಡುವು ಬೇಕು, ಅದು ಡ್ಯೂಟಿ ಪಟ್ಟಿಯಲ್ಲೇ ಕಾಣಬೇಕು. 'ಆಯ್ತು, ನೋಡೋಣ' ಎಂಬ ಬಾಯಿಮಾತು ಸಹೋದ್ಯೋಗಿಯೊಬ್ಬರು ರಜೆ ಹಾಕಿದ ದಿನವೇ ಮುರಿದುಬೀಳುತ್ತದೆ. ನೈಟ್ ಡ್ಯೂಟಿಯ ಮರುದಿನವನ್ನಂತೂ ಓದಿನ ಲೆಕ್ಕಕ್ಕೆ ಹಿಡಿಯಲೇಬೇಡಿ.

ಇಷ್ಟು ಕಷ್ಟಪಟ್ಟರೆ ಸಿಗುವುದೇನು? ಒಂದು ಉದಾಹರಣೆ. ಹೊಸ ಔಷಧಿ ಹೃದಯಾಘಾತವನ್ನು ಶೇ. 25ರಷ್ಟು ತಗ್ಗಿಸುತ್ತದೆ ಅಂತ ಕರಪತ್ರ ಬರುತ್ತದೆ ಅಂದುಕೊಳ್ಳಿ. ಮೂಲ ಪ್ರಬಂಧ ತೆಗೆದರೆ, ಐದು ವರ್ಷದಲ್ಲಿ 100 ಜನರಲ್ಲಿ 4 ಮಂದಿಗೆ ಆಗುತ್ತಿದ್ದದ್ದು 3ಕ್ಕೆ ಇಳಿದಿರುತ್ತದೆ. ಶೇ. 25 ಸುಳ್ಳಲ್ಲ. ಆದರೆ ಒಬ್ಬರಿಗೆ ತಪ್ಪಿಸಲು 100 ಜನ ಐದು ವರ್ಷ ಮಾತ್ರೆ ನುಂಗಬೇಕು. ಎದುರಿಗೆ ಕೂತ ರೋಗಿಗೆ ಇದನ್ನು ಬಿಡಿಸಿ ಹೇಳಲು ಬಂದರೆ ಫೀಸು ವಸೂಲಾಯಿತು ಅನ್ನಬಹುದು. ಸಂಖ್ಯಾಶಾಸ್ತ್ರದ ಮಾಡ್ಯೂಲ್ ಕಂಡು ಹೆದರಿ ಕೊನೆಗೆ ತಳ್ಳುವವರೇ ಹೆಚ್ಚು. ಅದನ್ನೇ ಮೊದಲು ಮುಗಿಸಿ, ಮಿಕ್ಕ ಮಾಡ್ಯೂಲ್‌ಗಳ ಪ್ರಬಂಧಗಳು ಆಗ ತಲೆಗೆ ಹತ್ತುತ್ತವೆ.

ಇನ್ನು ಡಿಸರ್ಟೇಶನ್, ಅಂದರೆ ಮಾಸ್ಟರ್ಸ್‌ನ ಕೊನೆಗೆ ಬರೆಯುವ ಸಂಶೋಧನಾ ಪ್ರಬಂಧ. ಜನ ಎಡವುವುದು ಇಲ್ಲೇ, ಅದೂ ಬರವಣಿಗೆಯಿಂದಲ್ಲ, ಪ್ರಶ್ನೆ ದೊಡ್ಡದಾಗಿ ಹೋಗುವುದರಿಂದ. 'ಮಧುಮೇಹದ ನಿರ್ವಹಣೆ' ಪ್ರಶ್ನೆಯೇ ಅಲ್ಲ. 'ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ಶುರುಮಾಡಿದ ವಯಸ್ಕರಿಗೆ ನರ್ಸ್ ಫೋನ್ ಮಾಡಿ ವಿಚಾರಿಸಿದರೆ, ಮಾಮೂಲಿ ಆರೈಕೆಗಿಂತ ಆರು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಅಳತೆ) ಹೆಚ್ಚು ಇಳಿಯುತ್ತದೆಯೇ?' ಇದು ಪ್ರಶ್ನೆ: ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಏನು ಅಳೆದು ಎಂಬ ನಾಲ್ಕೂ ಇದೆ. ರೋಗಿಗಳಿಂದ ಮಾಹಿತಿ ಪಡೆಯುವುದಾದರೆ ಎಥಿಕ್ಸ್ ಸಮಿತಿಯ ಒಪ್ಪಿಗೆಗೇ ತಿಂಗಳುಗಟ್ಟಲೆ ಹಿಡಿಯಬಹುದು. ನಿಮ್ಮದೇ ಕ್ಲಿನಿಕ್ಕಿನ ದಾಖಲೆ ಅಂದಮಾತ್ರಕ್ಕೆ ಕೇಳದೆ ಬಳಸುವ ಹಾಗಿಲ್ಲ. ಸಮಯ ಕಡಿಮೆ ಇದ್ದರೆ ಪ್ರಕಟವಾದ ಅಧ್ಯಯನಗಳ ವಿಮರ್ಶೆಯೇ ವಾಸಿ. ಆದರೂ ಸಮಿತಿಗೆ ಹೋಗಬೇಕೇ ಬೇಡವೇ ಅಂತ ಗೈಡ್ ಹತ್ತಿರ ಬರವಣಿಗೆಯಲ್ಲೇ ಕೇಳಿಟ್ಟುಕೊಳ್ಳಿ.

ನನ್ನ ಮಟ್ಟಿಗೆ, ಅನುಮಾನ ಇರುವವರು ಮೊದಲು ಸರ್ಟಿಫಿಕೇಟ್‌ಗಷ್ಟೇ ಸೇರುವುದು ಒಳ್ಳೆಯದು. ಸೇರುವಾಗಲೇ ಮೂರು ವಿಷಯ ಕೇಳಿ: ಆ ಕ್ರೆಡಿಟ್ ಮುಂದೆ ಮಾಸ್ಟರ್ಸ್‌ಗೆ ಸಲ್ಲುತ್ತದೆಯೇ, ಎಷ್ಟು ವರ್ಷದೊಳಗೆ, ನಡುವೆ ಒಂದು ವರ್ಷ ಬಿಟ್ಟರೆ ಗಡುವು ಮುಂದಕ್ಕೆ ಹೋಗುತ್ತದೆಯೇ.