ಬಾನೆಟ್ ಬಿಸಿ ಇತ್ತು

ಕಾಂಟೆಸ್ಸಾ ಕಾರಿನ ಜಾತಕ ನನಗೆ ಬಾಯಿಪಾಠ. 1984ರಲ್ಲಿ ಬಂತು, ಕಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು, 2002ರಲ್ಲಿ ನಿಂತಿತು. ಮೊದಮೊದಲು ಅದರೊಳಗೆ ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಆನೆಗೆ ಆಡಿನ ಕಾಲು ಹಚ್ಚಿದಂಗೆ. ಆಮೇಲೆ ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಎಂಜಿನ್ ಬಂತು, ಉದ್ದ ಮೂತಿಗೆ ತಕ್ಕ ದಮ್ಮೂ ಬಂತು. ದೊಡ್ಡ ಎಂಜಿನ್ನಿನ, ಗುಡುಗುವ ಅಮೆರಿಕದ ಮಸಲ್ ಕಾರು ನಮ್ಮ ಪಗಾರದಲ್ಲಿ ಆಗುವ ಮಾತಲ್ಲ. ನಮಗೆ ಇದೇ ಮಸಲ್ ಕಾರು.

ಗದಗದಲ್ಲಿ ಇಸುಝು ಎಂಜಿನ್ನಿನ ಒಂದು ಕಾಂಟೆಸ್ಸಾ ಮಾರಾಟಕ್ಕಿದೆ ಅಂತ ಗೊತ್ತಾಗಿ, ಭಾನುವಾರ ಹುಬ್ಬಳ್ಳಿಯಿಂದ ಬಸ್ ಹತ್ತಿದೆ. ಮಾಲೀಕರು ಕೂಡಿಸಿ ಬದನೆಕಾಯಿ ಬಜ್ಜಿ ತರಿಸಿದರು. ಬಾನೆಟ್ ಮೇಲೆ ಕೈ ಇಟ್ಟೆ. ಚುರ್ ಅಂತು.

"ಈಗರ ಓಡಿಸಿದ್ರೇನ್ರಿ?"

"ಹೌದ್ರಿ ಸರ. ನೀವು ಬರೋರಿದ್ರಲ್ಲ, ಒಂದ್ ರೌಂಡ್ ಹೊಡದು ಬೆಚ್ಚಗ ಮಾಡಿಟ್ಟೇನಿ."

ಎಷ್ಟು ಕಾಳಜಿ ಅಂದುಕೊಂಡೆ. ಹಳೇ ಗಾಡಿ ನೋಡುವಾಗ ಎಂಜಿನ್ ತಣ್ಣಗಿರಬೇಕು, ಮೊದಲ ಸಲ ನಾವೇ ಚಾಲೂ ಮಾಡಿ ಹೊಗೆ ನೋಡಬೇಕು. ಇದು ನನಗೂ ಗೊತ್ತಿತ್ತು. ಆದರೆ ಬಾಯಲ್ಲಿ ಬಜ್ಜಿ ಇತ್ತು.

ದುಡ್ಡು ಎಣಿಸಿ ಹೊರಟೆ. ಅಣ್ಣಿಗೇರಿ ದಾಟುವಾಗ ಹಿಂದಿದ್ದ ಬೈಕಿನವನು ಪಕ್ಕಕ್ಕೆ ಬಂದು ಏನೋ ಕೈಸನ್ನೆ ಮಾಡಿದ. ಗಾಡಿ ಮೆಚ್ಚಿದ್ದಾನೆ ಅಂತ ನಾನೂ ಕೈ ಬೀಸಿದೆ.

ಮರುದಿನ ಬೆಳಿಗ್ಗೆ ವಿದ್ಯಾನಗರದ ನಮ್ಮ ಓಣಿಯಲ್ಲಿ ಕೀ ತಿರುಗಿಸಿದೆ. ನೀಲಿ ಹೊಗೆ! ಗೇಟು ಕಾಣಲಿಲ್ಲ, ಆಮೇಲೆ ಓಣಿಯೇ ಕಾಣಲಿಲ್ಲ. ಕಾರ್ಪೊರೇಷನ್‌ನವರು ಸೊಳ್ಳೆಗೆ ಹೊಗೆ ಹಾಕಲು ಬಂದರು ಅಂತ ಎದುರು ಮನೆ ಅಜ್ಜಿ ಕಿಟಕಿ ಹಾಕಿಕೊಂಡು, ನೀರಿನ ಕೊಡಕ್ಕೆ ತಾಟು ಮುಚ್ಚಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮೆಕ್ಯಾನಿಕ್ ಬಂದ. ಆಯಿಲ್ ಕಡ್ಡಿ ಎಳೆದು, ಪ್ಯಾಂಟಿಗೆ ಒರೆಸಿ, ಮತ್ತೆ ಅದ್ದಿ ತೆಗೆದ. ತುದಿಯಷ್ಟೇ ಒದ್ದೆ. ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದು ನನಗೆ ತೋರಿಸಿದ. ಅಂಗೈ ತುಂಬ ಕರಿ ಎಣ್ಣೆಯ ಚುಕ್ಕಿ.

"ಪಿಸ್ಟನ್ ರಿಂಗ್ ಹೋಗ್ಯಾವ್ರಿ ಸರ. ಎಂಜಿನ್ ಬೋರಿಗೆ ಬಂದೈತಿ, ಸಿಲಿಂಡರ್ ಕೊರಸಬೇಕು."

"ಸಣ್ಣ ಕೆಲಸನಾ?"

"ಸಣ್ಣದ ರೀ. ಎಂಜಿನ್ ಇಳಸೋದು, ಬಿಚ್ಚೋದು, ಬೋರ್ ಮಾಡಸೋದು, ಮತ್ತ ಕೂಡಸೋದು. ಅಷ್ಟ." ಸ್ವಲ್ಪ ತಡೆದು ಅಂದ, "ಪಾರ್ಟ್ಸ್ ಸಿಕ್ರ."

ಸಂಜೆ ಎದುರು ಮನೆ ಅಜ್ಜಿ ಗೇಟಿನ ಹತ್ತಿರ ಬಂದರು. ಬೈಯುತ್ತಾರೆ ಅಂತ ನಾನು ತಲೆ ತಗ್ಗಿಸಿದೆ.

"ತಮ್ಮಾ, ಸೊಳ್ಳಿ ಭಾಳ ಕಡಿಮಿ ಆಗ್ಯಾವಪಾ. ನಾಳೆ ಹಿತ್ತಲ ಕಡೆನೂ ಒಂಚೂರು ಬಿಡು."