ಅಮೆರಿಕದಲ್ಲಿ ವಿಮೆ ಯಾರ ಕೈಯಲ್ಲಿದೆ? ಒಂದು ಸ್ಪಷ್ಟನೆ

"ಅಮೆರಿಕದ ವಿಮಾ ಕಂಪನಿಗಳೆಲ್ಲ ಕೇಂದ್ರ ಸರ್ಕಾರದ ಹಿಡಿತದಲ್ಲಿವೆ, ದೂರಿದ್ದರೆ ವಾಷಿಂಗ್ಟನ್‌ಗೇ ಬರೆಯಿರಿ" ಎಂಬ ಸಂದೇಶ ಓಡಾಡುತ್ತಿದೆ. ಅದಕ್ಕೆ 1944ರ ಸುಪ್ರೀಂ ಕೋರ್ಟ್ ತೀರ್ಪಿನ ಆಧಾರ ಕೊಟ್ಟಿದ್ದಾರೆ. ಇದು ಅರ್ಧ ಸತ್ಯ.

ತೀರ್ಪು ಬಂದದ್ದು ನಿಜ. ವಿಮೆ ವಾಣಿಜ್ಯವೇ ಅಲ್ಲ ಎಂದು 1869ರಲ್ಲಿ ಹೇಳಿದ್ದ ಕೋರ್ಟು, 1944ರಲ್ಲಿ ಆ ಮಾತು ಬದಲಿಸಿತು. ರಾಜ್ಯದ ಗಡಿ ದಾಟುವ ವಿಮೆಯೂ ಅಂತರರಾಜ್ಯ ವಾಣಿಜ್ಯವೇ, ಅಂದರೆ ಕೇಂದ್ರದ ಅಧಿಕಾರಕ್ಕೆ ಒಳಪಡುವಂಥದ್ದೇ ಎಂದಿತು. ಆದರೆ ಮರುವರ್ಷವೇ ಅಲ್ಲಿನ ಸಂಸತ್ತು ಮೆಕ್ಯಾರನ್-ಫರ್ಗುಸನ್ ಕಾಯ್ದೆ ತಂದು, ನಿಯಂತ್ರಣವನ್ನು ರಾಜ್ಯಗಳಿಗೇ ಬಿಟ್ಟಿತು. ಸಂದೇಶ ಬರೆದವರು ಇದನ್ನು ಬಿಟ್ಟುಬಿಟ್ಟಿದ್ದಾರೆ. ಮುಖ್ಯವಾದದ್ದೇ ಇದು ಅಲ್ವಾ?

ಹಾಗಾಗಿ ಲೈಸೆನ್ಸ್, ಏಜೆಂಟರ ಮೇಲಿನ ನಿಗಾ, ಗ್ರಾಹಕರ ದೂರು ಎಲ್ಲ ಇಂದಿಗೂ ರಾಜ್ಯದ ವಿಮಾ ಇಲಾಖೆಯದೇ ಕೆಲಸ. ಕ್ಯಾಲಿಫೋರ್ನಿಯಾದಲ್ಲಂತೂ ವಿಮಾ ಕಮಿಷನರನ್ನು ಜನರೇ ಮತ ಹಾಕಿ ಆರಿಸುತ್ತಾರೆ. 2010ರಲ್ಲಿ ಖಜಾನೆ ಇಲಾಖೆಯಡಿ ಒಂದು ಕೇಂದ್ರ ವಿಮಾ ಕಚೇರಿ ಶುರುವಾಯಿತು. ಅದು ಗಮನಿಸುತ್ತದೆ, ವರದಿ ಕೊಡುತ್ತದೆ, ಲೈಸೆನ್ಸ್ ಕೊಡುವುದಿಲ್ಲ. ನಮ್ಮಲ್ಲಿ ವಿಮೆ ಕೇಂದ್ರ ಪಟ್ಟಿಯ ವಿಷಯ, ಐಆರ್‌ಡಿಎಐ ಎಂಬ ಕೇಂದ್ರದ ವಿಮಾ ನಿಯಂತ್ರಣ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಅಲ್ಲಿಯೂ ಹಾಗೇ ಎಂದುಕೊಳ್ಳುವುದು ಸಹಜ.

ಅಲ್ಲಿ ಕೆಲಸದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಅನೇಕ ದೊಡ್ಡ ಕಂಪನಿಗಳು ನೌಕರರ ಆಸ್ಪತ್ರೆ ಖರ್ಚನ್ನು ತಾವೇ ಭರಿಸುತ್ತವೆ. ಕಾರ್ಡಿನ ಮೇಲೆ ವಿಮಾ ಕಂಪನಿಯ ಹೆಸರಿದ್ದರೂ ಅದು ಬರೀ ಲೆಕ್ಕಪತ್ರ ನೋಡಿಕೊಳ್ಳುತ್ತಿರಬಹುದು. ಖಾಸಗಿ ಕಂಪನಿಗಳ ಇಂಥ ಯೋಜನೆಗೆ 1974ರ ಎರಿಸಾ ಎಂಬ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ಆಗ ರಾಜ್ಯದ ಇಲಾಖೆಗೆ ಸುಮ್ನೆ ಅಲೆಯಬೇಡಿ, ಕೇಂದ್ರ ಕಾರ್ಮಿಕ ಇಲಾಖೆಗೆ ಬರೆಯಿರಿ. ನಿಮ್ಮದು ಯಾವ ಬಗೆ ಎಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ.