ಕಾಣದ ದೇವರಿಗೆ ಕಡಲೆಕಾಯಿ ಸಾಕ್ಷಿ ಹೇಳುತ್ತದಾ?

ಪ್ರಕೃತಿಯನ್ನು ನೋಡಿ ಕಾಣದ ದೇವರನ್ನು ನಂಬಬಹುದಾ? ಬೆಂಗಳೂರಿನ ಒಂದೇ ಕನ್ನಡ ಕ್ರೈಸ್ತ ಸಭೆಗೆ ಹೋಗುವ ಅಕ್ಕ-ತಮ್ಮ ಎರಡು ಕಡೆ ನಿಂತು ಬರೆದಿದ್ದಾರೆ.

ಪರ: ಅಕ್ಕ

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾನು ತಪ್ಪದೆ ಹೋಗುತ್ತೇನೆ. ಕಾರ್ತಿಕದ ಕೊನೇ ಸೋಮವಾರ. ಹಬ್ಬ ನಮ್ಮದಲ್ಲ, ಕಡಲೆಕಾಯಿ ಮಾತ್ರ ನಮ್ಮದು. ಚಿಂತಾಮಣಿ ಕಡೆ ಅಪ್ಪ ಎರಡು ಎಕರೆಯಲ್ಲಿ ಅದನ್ನೇ ಬೆಳೆಯುತ್ತಿದ್ದರು. ಹಸಿ ಕಾಯಿ ತಂದು ಉಪ್ಪು ಹಾಕಿ ಬೇಯಿಸಿ, ಸುತ್ತ ಕೂತು ತಿನ್ನುವಾಗ ಮಕ್ಕಳಿಗೆ ಪ್ರತಿ ಸಲ ಅದೇ ಕಥೆ ಹೇಳುತ್ತೇನೆ. ಅವರಿಗೆ ಬಾಯಿಪಾಠ ಆಗಿದೆ.

ಕಡಲೆ ಗಿಡದ ಹೂವು ಹಳದಿ. ಬೆಳಿಗ್ಗೆ ಅರಳಿ ಅವತ್ತೇ ಬಾಡುತ್ತದೆ. ನೋಡಿದವರು ಕಥೆ ಮುಗೀತು ಅಂದುಕೊಳ್ಳಬೇಕು. ಆಮೇಲೆ ಹೂವಿನ ಬುಡದಿಂದ ಸೂಜಿಯಂಥ ಒಂದು ಕಡ್ಡಿ ಹೊರಟು, ತಲೆ ತಗ್ಗಿಸಿ ನೆಲದ ಕಡೆ ಇಳಿಯುತ್ತದೆ. ಮಣ್ಣಿನೊಳಗೆ ಹೋದ ಮೇಲೆಯೇ ಅದರ ತುದಿ ಊದಿ ಕಾಯಿಯಾಗುವುದು. ಮಣ್ಣು ಸೇರದ ಕಡ್ಡಿಯಲ್ಲಿ ಕಾಯಿ ಕಟ್ಟುವುದಿಲ್ಲ. ಬೆಳಕಿನಲ್ಲಿ ಹೂವು, ಕತ್ತಲಲ್ಲಿ ಕಾಯಿ. ದಿನಾ ಕಿತ್ತು ನೋಡುತ್ತೇನೆ ಅಂದರೆ ಬೆಳೆಯೇ ಇಲ್ಲ.

ಸತ್ಯವೇದದಲ್ಲಿ (ಬೈಬಲ್) ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ, ಕಣ್ಣಿಗೆ ಕಾಣದ್ದನ್ನು ನಿಜವೆಂದು ತಿಳಿಯುವುದೇ ನಂಬಿಕೆ ಎಂದು ಶುರುವಾಗುತ್ತದೆ. ಕಣ್ಣು ಮುಚ್ಚಿಕೊಳ್ಳಿ ಅಂತ ಜನ ಇದಕ್ಕೆ ಅರ್ಥ ಹಚ್ಚುತ್ತಾರೆ. ಆದರೆ ರೋಮಾಪುರದವರಿಗೆ ಅಪೊಸ್ತಲ ಪೌಲ ಬರೆದದ್ದು ಕಣ್ಣು ಬಿಟ್ಟು ನೋಡಿ ಅಂತ. ಕಾಣದ ದೇವರ ಗುಣ ಆತ ಮಾಡಿದ್ದರಲ್ಲಿ ತಿಳಿಯುತ್ತದೆ ಅನ್ನುತ್ತಾನೆ. ಯೆಹೂದ್ಯರ ಮುಖಂಡ ನಿಕೊದೇಮನಿಗೆ ದೇವರ ಆತ್ಮದ ಬಗ್ಗೆ ಹೇಳುವಾಗ ಯೇಸುಸ್ವಾಮಿ ಉದಾಹರಣೆ ಕೊಟ್ಟದ್ದೂ ಗಾಳಿಯದೇ. ಸದ್ದು ಕೇಳಿಸುತ್ತದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಗೊತ್ತಾಗಲ್ಲ. ಮೂಲ ಗ್ರೀಕಿನಲ್ಲಿ ಗಾಳಿಗೂ ಆತ್ಮಕ್ಕೂ ಒಂದೇ ಪದ. ನಮ್ಮ ಕನ್ನಡ ಅನುವಾದದಲ್ಲಿ ಆ ನಂಟು ಕಳಚಿಹೋಗಿದೆ, ಬೇಜಾರು.

ವಿಜ್ಞಾನದವರೂ ಕಾಣದ್ದನ್ನು ನಂಬಿಯೇ ಹೊರಡುತ್ತಾರೆ. ಯುರೇನಸ್ ಲೆಕ್ಕಕ್ಕೆ ಸಿಗದ ಹಾಗೆ ಓಡುತ್ತಿದ್ದಾಗ, ಆಚೆ ಯಾವುದೋ ಗ್ರಹ ಎಳೆಯುತ್ತಿದೆ ಎಂದು ಫ್ರಾನ್ಸಿನ ಖಗೋಳ ವಿಜ್ಞಾನಿ ಲೆ ವೆರಿಯೆ ಕಾಗದದ ಮೇಲೆ ಲೆಕ್ಕ ಹಾಕಿದ. 1846ರಲ್ಲಿ ಬರ್ಲಿನ್ ವೀಕ್ಷಣಾಲಯದವರು ಅವನು ಹೇಳಿದ ಜಾಗಕ್ಕೆ ದೂರದರ್ಶಕ ತಿರುಗಿಸಿದರು. ನೆಪ್ಚೂನ್ ಸಿಕ್ಕಿತು.

ಅಪ್ಪನನ್ನು ಮಣ್ಣು ಮಾಡಿದ ದಿನ ನಮ್ಮ ಸಭೆಯ ಪಾದ್ರಿ ಅಯ್ಯನವರು, ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ ಓದಿದರು. ಬಿತ್ತಿದ ಬೀಜ ಸಾಯದೆ ಜೀವ ಪಡೆಯದು ಎನ್ನುವ ಮಾತು ಬಂತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ನನ್ನ ಕೈಯಲ್ಲಿದ್ದದ್ದು ಕೆಂಪು ಮಣ್ಣು, ನಮ್ಮ ಹೊಲದ್ದರ ಹಾಗೇ. ಒಂಥರಾ ಸಮಾಧಾನ ಆಯ್ತು. ಬಿತ್ತನೆ ಮುಗಿಸಿದ ದಿನ ಅಪ್ಪ ಕೈಕಾಲು ತೊಳೆದು, ಮುದ್ದೆ ಉಂಡು, ನಿಶ್ಚಿಂತೆಯಿಂದ ಮಲಗುತ್ತಿದ್ದರಲ್ಲ, ಆ ಥರದ್ದು.

ವಿರೋಧ: ತಮ್ಮ

ಅಕ್ಕ ಬರೆದದ್ದು ಓದಿ ನನಗೂ ಗಂಟಲು ಕಟ್ಟಿತು. ಆದರೆ ಆ ಹೊಲದಲ್ಲಿ ನಾನೂ ಇದ್ದೆ. ಕೀಳುವ ಕಾಲ ಬಂದಾಗ ಅಪ್ಪ ಸುಮ್ನೆ ನಂಬಿ ಕೂರುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಗಿಡ ಕಿತ್ತು, ಕಾಯಿ ಒಡೆದು, ಸಿಪ್ಪೆಯ ಒಳಮೈ ನೋಡುತ್ತಿದ್ದರು. ಬೆಳ್ಳಗಿದ್ದರೆ ಇನ್ನೂ ಎಳಸು. ಕಂದು ತಿರುಗಿದ್ದರೆ ಮಾತ್ರ ಆಳು ಕರೆಯುತ್ತಿದ್ದದ್ದು. ಬಿತ್ತನೆಗೆ ಮುಂಚೆಯೂ ಅಷ್ಟೇ. ಒದ್ದೆ ಗೋಣಿಚೀಲದಲ್ಲಿ ನೂರು ಬೀಜ ಸುತ್ತಿಟ್ಟು, ಎಷ್ಟು ಮೊಳೆಯಿತು ಅಂತ ಎಣಿಸುತ್ತಿದ್ದರು. ನಿಜವಾಗಿ ಸತ್ತ ಬೀಜ ಮೊಳೆಯಲ್ಲ, ಕೊಳೆಯುತ್ತದೆ. ಪೌಲನ ಮಾತು ಹೋಲಿಕೆಯಾಗಿ ಚೆಂದ. ಪುರಾವೆ ಅಂತ ಹಿಡಿದುಕೊಂಡರೆ ನಿಲ್ಲಲ್ಲ.

ಲೆ ವೆರಿಯೆಯ ಕಥೆಯನ್ನೂ ಅಕ್ಕ ಅರ್ಧಕ್ಕೇ ನಿಲ್ಲಿಸಿದ್ದಾಳೆ. ಬುಧ ಗ್ರಹವೂ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಅದೇ ಮನುಷ್ಯ, ಅದೇ ಜಾಣ್ಮೆಯಿಂದ, ಸೂರ್ಯನ ಪಕ್ಕದಲ್ಲಿ ಕಾಣದ ಇನ್ನೊಂದು ಗ್ರಹ ಇರಬೇಕು ಎಂದ. ಅದಕ್ಕೆ ವಲ್ಕನ್ ಅಂತ ಹೆಸರೂ ಇಟ್ಟರು. ನೋಡಿದೆವು ಎನ್ನುವವರೂ ಹುಟ್ಟಿಕೊಂಡರು! 1915ರಲ್ಲಿ ಐನ್‌ಸ್ಟೈನ್ ಹೊಸ ಲೆಕ್ಕ ಕೊಟ್ಟ ಮೇಲೆ ಆ ಗ್ರಹ ಬೇಕಾಗಲೇ ಇಲ್ಲ. ಎರಡು ಸಲವೂ ನಂಬಿಕೆ ಅಷ್ಟೇ ಗಟ್ಟಿ ಇತ್ತು. ಇದೆಯೋ ಇಲ್ಲವೋ ತೀರ್ಮಾನಿಸಿದ್ದು ಹುಡುಕಾಟ ಮತ್ತು ಲೆಕ್ಕ.

ಬೆಂಗಳೂರಿನಲ್ಲಿ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸೈಟಿನಲ್ಲಿ ಬೋರ್‌ವೆಲ್ ಪಾಯಿಂಟ್ ನೋಡಲು ಬಂದವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದರು. ಮೂಲೆಯಲ್ಲಿ ಒಂದು ಕಡೆ ಕಾಯಿ ಎದ್ದು ನಿಂತಿತು. ಮೈ ಜುಮ್ಮೆಂದಿತು. 1,100 ಅಡಿ ಕೊರೆಸಿದೆವು. ರಾತ್ರಿಯಿಡೀ ಬಂದದ್ದು ಬೂದು ಬಣ್ಣದ ಕಲ್ಲಿನ ಪುಡಿ. ಪಕ್ಕದ ಮನೆಯವರು ಒಣಗಲು ಹಾಕಿದ್ದ ಬಟ್ಟೆಯ ಮೇಲೆಲ್ಲ ಅದೇ. (ನಮ್ಮೂರಿನ ತಳದ ಬಂಡೆ ಲಾಲ್‌ಬಾಗ್ ಗುಡ್ಡದ್ದೇ ಜಾತಿ. ಸುಮಾರು 300 ಕೋಟಿ ವರ್ಷದ ಕಲ್ಲನ್ನು ಪುಡಿ ಮಾಡಲು ಸಾಲ ತೆಗೆದಿದ್ದೆ.) ನೆಲದೊಳಗಿನ ನೀರು ಕಾಣಲ್ಲ, ನಿಜ. ಕಾಣಲ್ಲ ಅನ್ನುವುದು ಇದೆ ಅನ್ನುವುದಕ್ಕೆ ಕಾರಣ ಆಗಲ್ಲ ಅಲ್ವಾ?

ಗಾಳಿಯ ಮಾತಿಗೆ ಸತ್ಯವೇದದಲ್ಲೇ ಇನ್ನೊಂದು ಗಾಳಿ ಇದೆ. ಹೋರೇಬ್ ಬೆಟ್ಟದಲ್ಲಿ ಪ್ರವಾದಿ ಎಲೀಯನ ಮುಂದೆ ಬಂಡೆ ಒಡೆಯುವಂಥ ಬಿರುಗಾಳಿ ಬೀಸಿತು. ದೇವರು ಆ ಗಾಳಿಯಲ್ಲಿರಲಿಲ್ಲ. ಭೂಕಂಪದಲ್ಲೂ ಇಲ್ಲ, ಬೆಂಕಿಯಲ್ಲೂ ಇಲ್ಲ. ಆಮೇಲೆ ಬಂದದ್ದು ಒಂದು ಮೆಲ್ಲನೆ ದನಿ.

ನಾನು ಸಭೆ ಬಿಟ್ಟವನಲ್ಲ. ಅಯ್ಯನವರು ಅವತ್ತು ಓದಿದ ಅದೇ ಅಧ್ಯಾಯದಲ್ಲಿ, ಬೀಜದ ಮಾತಿಗಿಂತ ಮುಂಚೆ, ಕ್ರಿಸ್ತ ಎದ್ದು ಬರಲಿಲ್ಲ ಅಂದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಪೌಲ ಖಡಾಖಂಡಿತ ಹೇಳುತ್ತಾನೆ. ನೋಡಿದವರು 500ಕ್ಕಿಂತ ಜಾಸ್ತಿ, ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಅಂದರೆ ಹೋಗಿ ಕೇಳಿ ಅಂತ. ನಂಬುವುದಾದರೆ ಆ ಸಾಕ್ಷಿಯ ಮೇಲೆ ನಂಬಬೇಕು, ಬಿಡುವುದಾದರೂ ಅದರ ಮೇಲೆಯೇ. ನನಗೆ ಇನ್ನೂ ತೀರ್ಮಾನಕ್ಕೆ ಬರಲು ಆಗಿಲ್ಲ. ಅಪ್ಪನ ಸಮಾಧಿಯ ಹತ್ತಿರ ಹೋದಾಗಲೆಲ್ಲ ಅದೇ ಯೋಚನೆ.

ಈ ಸಲ ಪರಿಷೆಗೆ ನಾನೂ ಬರುತ್ತೇನೆ ಅಂತ ಅಕ್ಕನಿಗೆ ಹೇಳಿದ್ದೇನೆ. ಒಂದು ಕಾಯಿ ಒಡೆದು ನೋಡಿದ ಮೇಲೆಯೇ ಸೇರು ಅಳೆಸುವುದು.